ನಕಾಶೆಯೊಳಗ ಇಂಗಿದ ಮಳಿ

ಅಂಕಲಗಿ ಸುತ್ತಮುತ್ತಲಿನ ಲೇಔಟ್ ಸಾವಕಾರರಿಗೆ, ಕೆಳಗಿನ ಓಣಿಯಾಂವನ ನಮಸ್ಕಾರಗಳು.

ನಿಮ್ಮ ಹೊಸಾ ಲೇಔಟಿನ ನಕಾಶೆ ನೋಡಿ ಕಣ್ಣು ತಂಪಾದೂರಿ. ಮೂಲಿಗೊಂದು ಹಸರು ಚೌಕ, ಅದಕ್ಕ ಉದ್ಯಾನ ಅಂತ ಹೆಸರು. ರಸ್ತೆದ ಎರಡೂ ಬಾಜೂ ಗಟಾರ, ಗಟಾರದ ಕೊನಿಗೆ ಸಣ್ಣದೊಂದು ದುಂಡು ಗುರುತು: ಇಂಗುಗುಂಡಿ. ಆ ಕಾಗದದ ಮ್ಯಾಲೆ ಮಳಿ ಬಿದ್ದರ ಒಂದು ಹನಿ ಹೊರಗ ಹೋಗಂಗಿಲ್ಲ. ತೊಂದ್ರಿ ಏನಂದ್ರ, ನಮ್ಮ ಕಡೆ ಮಳಿ ನೆಲದ ಮ್ಯಾಲೆ ಬೀಳತೈತಿ.

1964ರ ಭೂ ಕಂದಾಯ ಕಾಯ್ದೆದ 95ನೇ ಕಲಮು ಹಿಡದು ಹೊಲಾನ ಎನ್ಎ, ಅಂದ್ರ ಕೃಷಿಯೇತರ ಜಮೀನು, ಮಾಡಿಸಿಕೊಂಡ್ರಿ. ಅದೇ ಕಾಯ್ದೆದಾಗ 67ನೇ ಕಲಮೂ ಐತಿ; ಹಳ್ಳ, ನಾಲಾ, ಕೆರಿ ಎಲ್ಲಾದರ ತಳ ಸರಕಾರದ್ದು ಅಂತೈತಿ. ಇರಲಿ ಬಿಡ್ರಿ, ಪುಟ ಹಿಂದಕ ತಿರುವಿ ಓದೋ ಚಟ ಯಾರಿಗಿರತೈತಿ.

ನಿಮ್ಮ ಲೇಔಟ್ ಇನ್ನೂ ಹೊಲ ಇದ್ದಾಗ ರೈತ ಇಳಿಜಾರಿಗೆ ಅಡ್ಡ ಒಡ್ಡು ಹಾಕಿದ್ದ. ನೀರು ಒಡ್ಡಿಗೆ ನಿಂತು ಇಂಗಿ, ಉಳಿದದ್ದು ಸಾವಕಾಶ ಹಳ್ಳಕ್ಕ ಇಳೀತಿತ್ತು. ನಿಮ್ಮ ಜೇಸಿಬಿ ಬಂದು ಮೊದಲು ಆ ಒಡ್ಡು ಕಿತ್ತಿತು. ಆಮ್ಯಾಲೆ ಅದೇ ಮಣ್ಣು ಹಳ್ಳಕ್ಕ ತುಂಬಿ ಎರಡು ಪ್ಲಾಟ್ ಹೆಚ್ಚು ಮಾಡಿತು. ಇಷ್ಟು ಲೆಕ್ಕ ಬಲ್ಲವರಿಗೆ ಇನ್ನೊಂದು ಲೆಕ್ಕ ಒಪ್ಪಸ್ತೀನಿ. ಒಂದು ಎಕರೆ ಮ್ಯಾಲೆ 50 ಮಿಲಿಮೀಟರ್ ಮಳಿ ಬಿದ್ದರ ಎರಡು ಲಕ್ಷ ಲೀಟರ್ ನೀರು. 30×40 ಅಡಿಯ ಒಂದು ಸ್ಲ್ಯಾಬಿನಿಂದನ ಐದೂವರೆ ಸಾವಿರ ಲೀಟರ್, ಅಂದ್ರ ಮನಿಗೊಂದು ಟ್ಯಾಂಕರ್. ನಿಮ್ಮ ಗೇಣಗಲದ ಗಟಾರ ಆ ಟ್ಯಾಂಕರೆಲ್ಲಾ ಎಲ್ಲಿ ಖಾಲಿ ಮಾಡತೈತಿ ಅಂತ ಕೇಳಬ್ಯಾಡ್ರಿ. ನಮ್ಮ ಅಡಿಗಿಮನಿ ನಿಮ್ಮ ನಕಾಶೆದಾಗ ಇಲ್ಲ.

ಇಂಗುಗುಂಡಿ ಹುಡಕೊಂಡು ಹೋಗಿದ್ದೆ. ಸಿಕ್ಕಿತು ಅನ್ರಿ. ಒಂದು ಸಿಮೆಂಟ್ ರಿಂಗ್, ನೆಲದ ಮ್ಯಾಲೆ ಇಟ್ಟಾರ, ಹೂಳಿಲ್ಲ. ಒಳಗ ಜಲ್ಲಿ ಇಲ್ಲ, ಮರಳಿಲ್ಲ. ಗುಟ್ಕಾ ಚೀಟು, ಒಂದು ನಾಯಿಮರಿ. ಜಿಪಿಎಸ್ ಫೋಟೊ ಹೊಡಿಯೋತನಕ ಇಲ್ಲಿರತೈತಿ, ಆಮ್ಯಾಲೆ ಮುಂದಿನ ಲೇಔಟಿಗೆ ಉರುಳತೈತಿ ಅಂತ ವಾಚ್‌ಮನ್ ಅಂದ. ಊರೂರು ತಿರುಗಿ ನೀರು ಇಂಗಿಸೋ ಗುಂಡಿ ಜಗತ್ತಿನಾಗ ಇದೊಂದ ಇದ್ದೀತು.

ಹಂಗ ನೋಡಿದ್ರ ಕಾಗದದ ಮ್ಯಾಲೆ ನೀರು ಇಂಗಿಸೋದು ಅಂಕಲಗಿಯವರು ಕಂಡುಹಿಡದ ವಿದ್ಯಾ ಅಲ್ಲ. ಬೆಂಗಳೂರಾಗ 2009ರಾಗ 30×40ರ ಹೊಸ ಮನಿಗೂ ಮಳೆನೀರು ಕೊಯ್ಲು ಕಡ್ಡಾಯ ಮಾಡಿದ್ರು. ರಾಜಕಾಲುವೆ ದೊಡ್ಡದೋ ಸಣ್ಣದೋ ನೋಡಿ 50, 25, 15 ಮೀಟರ್ ಜಾಗ ಬಿಡಬೇಕಂತ ಅಲ್ಲಿಯ ಮಾಸ್ಟರ್ ಪ್ಲ್ಯಾನಿನಾಗ ಬರದಿತ್ತು. ಆದ್ರೂ 2022ರ ಸೆಪ್ಟೆಂಬರ್‌ದಾಗ ಮಳಿನೀರು ಹೊಕ್ಕು ಕೋಟಿಗಟ್ಟಲೆ ಬಂಗಲೆದಾವ್ರು ಟ್ರ್ಯಾಕ್ಟರ್ ಹತ್ತಿ ಹೊರಗ ಬಂದ್ರು. ನಮಗ ಆ ಚಿಂತಿ ಇಲ್ರಿ. ಕಬ್ಬಿನ ನಾಡು, ಟ್ರ್ಯಾಕ್ಟರಿಗೇನು ಬರ? ಈ ವಿಷಯದಾಗ ಬೆಂಗಳೂರಿಗಿಂತ ನಾವ ಮುಂದ.

ನಮ್ಮ ಹಳ್ಳಕೊಳ್ಳದ ನೀರು ಕಡೀಕ ಘಟಪ್ರಭಾಕ್ಕ ಕೂಡೋದು. 2019ರ ಆಗಸ್ಟ್‌ದಾಗ ಘಟಪ್ರಭಾ, ಮಾರ್ಕಂಡೇಯ ಎರಡೂ ಏರಿ ಗೋಕಾಕದಾಗ ನೀರು ಹೊಕ್ಕಾಗ, ಲೋಳಸೂರ ಸೇತುವೆ ಮುಳುಗಿದಾಗ ಎಲ್ಲಾರೂ ಹಿಡಕಲ್ ಡ್ಯಾಮಿನ ಕಡೆ ಬಟ್ಟು ಮಾಡಿದ್ರು. ಅಷ್ಟು ದೊಡ್ಡ ನೀರು ಒಡ್ಡಿನಿಂದ ನಿಲ್ಲತಿರಲಿಲ್ಲ, ಅದು ಖರೇ. ಆದ್ರ ಹೊಲಹೊಲಕ್ಕ ಕಿತ್ತ ಒಡ್ಡಿನ ಲೆಕ್ಕ ಯಾವ ವರದಿಯೊಳಗೂ ನಾ ನೋಡಿಲ್ಲ.

ನನ್ನ ಅರ್ಜಿ ಇಷ್ಟ. ಕಾರಂಜಿ ಬ್ಯಾಡ, ಜೋಕಾಲಿ ಬ್ಯಾಡ. ಆ ಹಸರು ಚೌಕ ಈಗ ಬಂಡಿಗಲ್ಲಿನ ದಿಬ್ಬದ ಮ್ಯಾಲೆ ಐತಿ, ಯಾಕಂದ್ರ ಅಲ್ಲಿ ಪ್ಲಾಟ್ ಹೋಗಂಗಿಲ್ಲ. ಅದನ್ನ ತೆಗ್ಗಿನ ಮೂಲಿಗೆ ಇಳಸ್ರಿ. ಎರಡು ತಾಸು ನೀರು ಅಲ್ಲಿ ನಿಂತು ಹೋದ್ರ ನಮ್ಮ ಓಣಿ ಉಳೀತೈತಿ. ತೆಗ್ಗಿನ ಪ್ಲಾಟ್ ಆಗಲೇ ಮಾರೀವಿ ಅಂತೀರೇನು? ಹಂಗಾದ್ರ ಬಸವ ಜಯಂತಿಗೆ ಪೆಂಡಾಲ್ ಹಾಕಿ ಗಿರಾಕಿಗೆ ಜಾಗಾ ತೋರಸ್ತೀರಲ್ಲ, ಈ ಸಲ ನಾಗರ ಪಂಚಮಿಗೆ ತೋರಸ್ರಿ. ಟ್ರ್ಯಾಕ್ಟರ್ ನಾ ತರ್ತೀನಿ, ಡೀಸೆಲ್ ನಿಮ್ದು.