ಪೈಪಿನ ಪಂಚಾಯ್ತಿ

ಕೆ.ಆರ್.ಎಸ್. ತುಂಬಿದರೆ 124.80 ಅಡಿ ಎಂದು ಪಾಲಹಳ್ಳಿಯ ಮಕ್ಕಳೂ ಹೇಳುತ್ತವೆ. ನಮ್ಮ ಬಚ್ಚಲಿಗಿಂತ ಹಿತ್ತಲು ಎಷ್ಟು ಎತ್ತರ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಬಿಟ್ಟ ನೀರು ವಾಪಸು ಬರುತ್ತಿತ್ತು.

ರಸಮಟ್ಟ ಗೋಡೆಗೆ ಸರಿ, ಬಚ್ಚಲಿಂದ ಹಿತ್ತಲಿನವರೆಗಿನ 40 ಅಡಿಗೆ ಸಾಲದು. ಕಣ್ಣಿಗೆ ನೀರು ಕಾಣುವಂಥ ಪೈಪು ತಂದು ತುಂಬಿಸಿದೆ. ಪೈಪು ನಡುವೆ ಹೇಗೇ ಸುತ್ತಿಕೊಂಡಿರಲಿ, ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲಬೇಕು. ನನ್ನದು ನಿಲ್ಲಲಿಲ್ಲ. ಒಂದೇ ಕಂಬಕ್ಕೆ ಎರಡೂ ತುದಿ ಹಿಡಿದರೂ ನಾಲ್ಕು ಬೆರಳು ವ್ಯತ್ಯಾಸ!

“ಒಳಗೆ ಗಾಳಿಗುಳ್ಳೆ ಐತೆ ಕಣಣ್ಣ, ಕೊಡವು” ಅಂದ ಗಾರೆ ಮೇಸ್ತ್ರಿ. ಕೊಡವಿದೆ, ಬೈದೆ. ಆಮೇಲೆ ನೋಡಿದರೆ, ಆ ತುದಿಯ ಬಾಯನ್ನು ಹೆಂಡತಿ ಹೆಬ್ಬೆರಳಲ್ಲಿ ಒತ್ತಿ ಹಿಡಿದಿದ್ದಾಳೆ.

“ನೀರು ಚೆಲ್ಲಬಾರದಲ್ವಾ?”

ಬೆರಳು ತೆಗೆದಳು. ಹಿತ್ತಲೇ 5 ಇಂಚು ಎತ್ತರ.

“ಮದುವೆಯಾಗಿ ಬಂದ ವಾರವೇ ಹೇಳಿದ್ದೆ” ಎಂದು ಸೆರಗಿಗೆ ಕೈ ಒರೆಸಿಕೊಂಡಳು.