ಕಡ್ಲ್ ಕಾಂಬುಕೆ

ನಮ್ಮ ತವರಿನ ಕುಟುಂಬ ಎಲ್ಲೆಲ್ಲಿದೆ ಎಂದು ತಿಳಿಯಲು ವಂಶವೃಕ್ಷ ಬೇಡ, ಲೋಕಲ್ ರೈಲಿನ ನಕ್ಷೆ ಸಾಕು. ದೊಡ್ಡಮ್ಮ ಮಗ-ಸೊಸೆಯೊಟ್ಟಿಗೆ ಠಾಣೆಯಲ್ಲಿ, ನಾವು ಡೊಂಬಿವಲಿಯಲ್ಲಿ, ಸೋದರಮಾವ ಕಲ್ಯಾಣದಲ್ಲಿ. ಹೊಸ ತಲೆಮಾರಿನವರು ಖಾಡಿ ದಾಟಿ ವಾಶಿ, ನೆರೂಳ್, ಬೇಲಾಪುರ, ಖಾರ್ಘರ್ ಎಂದು ಹರಡಿಕೊಂಡಿದ್ದಾರೆ. ಚಿಕ್ಕಮ್ಮ ಒಬ್ಬರು ಮಾತ್ರ ಕುಂದಾಪುರದ ಆಚೆ ತ್ರಾಸಿಯ ಮೂಲಮನೆಯಲ್ಲಿ ದೀಪ ಹಚ್ಚಿಕೊಂಡು ಕೂತಿದ್ದಾರೆ. ಮುಂಬೈ ಕಡೆಯ ನಮ್ಮಲ್ಲಿ ಯಾರ ಮನೆಯಿಂದ ಯಾರ ಮನೆಗೂ ಗಂಟೆ, ಒಂದೂವರೆ ಗಂಟೆ ದಾರಿ. ಆದರೂ ಎಲ್ಲರೂ ಒಟ್ಟಿಗೆ ಸೇರುವುದು ಎರಡಕ್ಕೇ: ಮದುವೆಗೆ, ಇಲ್ಲವೇ ಬೊಜ್ಜಕ್ಕೆ. ಈಗಿನ ಮಕ್ಕಳು ಮದುವೆಗೆ ಅವಸರ ಮಾಡುತ್ತಿಲ್ಲವಾದ್ದರಿಂದ ಇತ್ತೀಚೆಗೆ ಎರಡನೆಯದೇ ಹೆಚ್ಚು.

ಅಂಥ ಒಂದು ಬೊಜ್ಜದ ಊಟದಲ್ಲಿ ಪಾಯಸ ಬರುವ ಹೊತ್ತಿಗೆ ದೊಡ್ಡಮ್ಮನ ಕಿರಿಮಗ, "ಒಂದ್ಸಲ ಯಾರೂ ಸಾಯದೆ ಸೇರುವ ಮಾರಾಯ್ರೆ" ಎಂದ. ತೀರಿಕೊಂಡವರು ತೊಂಬತ್ತು ದಾಟಿದವರು, ಹಾಗಾಗಿ ಯಾರೂ ಮುಖ ಸಿಂಡರಿಸಲಿಲ್ಲ. "ಬೀಚಿಗೆ ಹೋಗುವ" ಎಂದು ಎಲೆಯ ಆ ಬದಿಯಿಂದ ಯಾರೋ ಕೂಗಿದರು. ನಾವು ಕೈ ತೊಳೆದು ಬರುವಷ್ಟರಲ್ಲಿ ವಾಟ್ಸಾಪ್ ಗುಂಪು ತಯಾರಾಗಿತ್ತು. ಅದರ ಹೆಸರು 'ಫ್ಯಾಮಿಲಿ ಬೀಚ್ ಬ್ಲಾಸ್ಟ್'. ದಿನಾ ಲೋಕಲಿನಲ್ಲಿ ಓಡಾಡುವವರು ಆ ಕೊನೆಯ ಶಬ್ದವನ್ನು ಬಾಯಲ್ಲಿ ತರಬಾರದು ಎಂದು ದೊಡ್ಡ ಭಾವ ಆಕ್ಷೇಪಿಸಿದ ಮೇಲೆ ಅದು 'ಕಡಲ ಕುಟುಂಬ' ಆಯಿತು. ಹೆಸರಿನಲ್ಲಿ ಒಮ್ಮತ ಬಂದದ್ದೇ ಬಂದದ್ದು, ಆಮೇಲೆ ಯಾವುದರಲ್ಲೂ ಬರಲಿಲ್ಲ.

ಖಾರ್ಘರಿನ ಹುಡುಗಿ ಮತದಾನಕ್ಕೆ ಇಟ್ಟ ಊರುಗಳು ಅಲಿಬಾಗ್, ಕಾಶಿದ್, ದಿವೇಆಗರ್, ಗಣಪತಿಪುಳೆ. ಜೊತೆಗೆ ರೆಸಾರ್ಟುಗಳ ಚಿತ್ರಗಳು. ನೀಲಿ ನೀರು, ಬಿಳಿ ಪರದೆ, ಒಂಟಿ ಕುರ್ಚಿ. ಕಡಲು ಕಾಣುವ ಕೋಣೆಗೆ ಒಂದು ದರ, ಕಾಣದ ಕೋಣೆಗೆ ಒಂದು ದರ. ದೊಡ್ಡಮ್ಮನಿಗೆ ಮೊಮ್ಮಗ ಇದನ್ನೆಲ್ಲ ಓದಿ ಹೇಳಿದ. ಬತ್ತಿ ಹೊಸೆಯುತ್ತಿದ್ದ ಅವರು ತಲೆ ಎತ್ತದೆಯೇ ಕೇಳಿದರು: "ಕಡ್ಲ್ ಕಾಂಬುಕೆ ದುಡ್ ಕೊಟ್ ಹೋಪ್ದಾ? ನಿಮ್ಗೆಂತ ಮರ್ಲಾ?"

ಅವರ ಪ್ರಶ್ನೆಯಲ್ಲಿ ನ್ಯಾಯವಿದೆ. ತ್ರಾಸಿ, ಮರವಂತೆ ಕಡೆಯ ಹಳೆಯ ಮನೆಗಳನ್ನು ನೋಡಿದವರಿಗೆ ಗೊತ್ತು, ಅಲ್ಲಿ ಯಾರೂ ಕಡಲಿಗೆ ಮುಖ ಮಾಡಿ ಜಗಲಿ ಕಟ್ಟಿಸುತ್ತಿರಲಿಲ್ಲ. ಉಪ್ಪುಗಾಳಿಗೆ ಬಾಗಿಲ ಚಿಲಕ ತುಕ್ಕು ಹಿಡಿಯುತ್ತದೆ, ಮಳೆಗಾಲದಲ್ಲಿ ಒಣಗಲು ಹಾಕಿದ ಸೀರೆ ಒಣಗುವುದೇ ಇಲ್ಲ. ದಡ ಎಂದರೆ ದೋಣಿ ಎಳೆಯುವ, ಬಲೆ ಹರವುವ, ಮೀನು ಒಣಗಿಸುವ ಜಾಗ. ಕೆಲಸವಿಲ್ಲದವರು ಅಲ್ಲಿ ಸುಮ್ಮನೆ ಕೂತರೆ "ಮನೆಯಲ್ಲಿ ಎಂತ ಗಲಾಟೆ?" ಎಂದು ಕೇಳುತ್ತಿದ್ದರು. ಕಡಲಿನಲ್ಲಿ ಮೀಯಲಿಕ್ಕೂ ದಿನವಿತ್ತು. ಆಸಾಡಿ ಅಮಾವಾಸ್ಯೆಗೆ, ಅಂದರೆ ಪಂಚಾಂಗದ ಕರ್ಕಾಟಕ ಅಮಾವಾಸ್ಯೆಗೆ, ಮರವಂತೆಯ ಮಹಾರಾಜಸ್ವಾಮಿ ವರಾಹ ದೇವಸ್ಥಾನದಲ್ಲಿ ಜಾತ್ರೆ. ಒಂದು ಮಗ್ಗುಲಿಗೆ ಸೌಪರ್ಣಿಕಾ ಹೊಳೆ, ಇನ್ನೊಂದು ಮಗ್ಗುಲಿಗೆ ಕಡಲು. ಮೀನುಗಾರರು, ಕೃಷಿಕರು, ಹೊಸದಾಗಿ ಮದುವೆಯಾದವರು ಎಲ್ಲ ಮಳೆಯಲ್ಲಿ ನೆನೆದು, ಕಡಲಲ್ಲಿ ಮಿಂದು, ಮತ್ತೆ ಮಳೆಯಲ್ಲಿ ನೆನೆದು ಮನೆಗೆ ಬರುವ ದಿನ. ನೆಂಟರೆಲ್ಲ ಕೊಡೆ ಹಿಡಿದು ಬರುತ್ತಿದ್ದರು. ಯೋಚಿಸಿದರೆ ನಮ್ಮ ಕುಟುಂಬದ 'ಬೀಚ್ ರೀಯೂನಿಯನ್' ಅದೇ. ಯಾರೂ ಆಯೋಜಿಸುತ್ತಿರಲಿಲ್ಲ, ಪಂಚಾಂಗವೇ ಆಯೋಜಿಸುತ್ತಿತ್ತು. ಇತ್ತೀಚೆಗೆ, 2019ರಿಂದ, ಅದೇ ದಿನ ವಿಶ್ವ ಕುಂದಾಪ್ರ ಕನ್ನಡ ದಿನ ಅಂತಲೂ ಆಚರಿಸುತ್ತಾರೆ.

(ಸಾಮಾನ್ಯವಾಗಿ ಅದೇ ಅಮಾವಾಸ್ಯೆ ಡೊಂಬಿವಲಿಯಲ್ಲಿ 'ಗಟಾರಿ'. ಮರುದಿನದಿಂದ ಶ್ರಾವಣ ಹಿಡಿಯುವ ಮರಾಠಿ ನೆರೆಹೊರೆಯವರು ಅಂದೇ ಕೋಳಿ, ಮಟನ್ ಎಲ್ಲ ಮುಗಿಸಿಬಿಡುತ್ತಾರೆ. ಮಾಂಸದಂಗಡಿಯ ಸಾಲು ರಸ್ತೆಗೆ ಬಂದಿರುತ್ತದೆ. ಒಂದೇ ಅಮಾವಾಸ್ಯೆಗೆ ಅಲ್ಲಿ ತೀರ್ಥಸ್ನಾನ, ಇಲ್ಲಿ ಮಸಾಲೆ. ಎರಡೂ ಕಡೆ ಬೇರಿರುವ ನಮ್ಮಂಥವರು ಬೆಳಿಗ್ಗೆ ಊರನ್ನು ನೆನೆದು ಸಂಜೆ ಸಾಲಿನಲ್ಲಿ ನಿಲ್ಲುತ್ತೇವೆ.)

ಕಲ್ಯಾಣದ ಮಾವನ ವಾದ ಬೇರೆಯೇ. ಕಡಲಿಗೆ ಹೋಗುವುದೇಕೆ, ಕಲ್ಯಾಣವೇ ಬಂದರು ಅಲ್ಲವೇ ಎಂದರು. ಸುಳ್ಳೇನಲ್ಲ. ಕ್ರಿಸ್ತಶಕ ಮೊದಲ ಶತಮಾನದ 'ಪೆರಿಪ್ಲಸ್' ಎಂಬ ಗ್ರೀಕ್ ನಾವಿಕರ ಕೈಪಿಡಿಯಲ್ಲಿ ಈ ಊರಿನ ಹೆಸರಿದೆ. ದುರ್ಗಾಡಿ ಕೋಟೆಯ ಬುಡದ ಖಾಡಿಯಲ್ಲಿ ಶಿವಾಜಿ ಹಡಗು ಕಟ್ಟಿಸಿದ ಎಂದು ಊರವರು ಈಗಲೂ ಹೆಮ್ಮೆಯಿಂದ ಹೇಳುತ್ತಾರೆ. "ಹಡಗು ಬರುತ್ತಿದ್ದ ಊರಿಗೆ ಈಗ ನೀರಿನ ಟ್ಯಾಂಕರ್ ಬರ್ತದೆ ಅಪ್ಪ" ಎಂದು ಅವರ ಮಗನೇ ಬಾಯಿ ಮುಚ್ಚಿಸಿದ.

ಅಸಲಿಗೆ ಮಾವನ ತಕರಾರು ಇತಿಹಾಸದ್ದಲ್ಲ, ಇಡ್ಲಿಯದ್ದು. ಜೀವಮಾನವಿಡೀ ಹೋಟೆಲು ನಡೆಸಿದವರು. ರೆಸಾರ್ಟಿನವರು ಕಳಿಸಿದ ಬೆಳಗಿನ ತಿಂಡಿಯ ಪಟ್ಟಿಯನ್ನು ಎರಡು ಬೆರಳಿನಿಂದ ಹಿಗ್ಗಿಸಿ, ಕನ್ನಡಕವನ್ನು ಹಣೆಗೇರಿಸಿ, ಪರದೆಯನ್ನು ಮೂಗಿನ ಹತ್ತಿರ ತಂದು ಓದಿದರು. 'ಮಿನಿ ಇಡ್ಲಿ' ಎಂಬಲ್ಲಿ ಬೆರಳು ನಿಂತಿತು. "ಹಿಟ್ಟು ಹುಳಿ ಬರದಿದ್ರೆ ಹೀಗೆ ಸಣ್ಣದು ಮಾಡಿ ಹೆಸರು ಇಡ್ತಾರೆ" ಎಂದು ತೀರ್ಪಿತ್ತರು. ಆಮೇಲೆ ಗೋಡೆಯ ಕಾಲನಿರ್ಣಯ ಕ್ಯಾಲೆಂಡರಿನಲ್ಲಿ ಹೋದ ತಿಂಗಳ ಹಾಳೆ ತಿರುವಿ, ಅದರ ಬೆನ್ನ ಮೇಲೆ ಪೆನ್ಸಿಲಿನಲ್ಲಿ ನಲವತ್ತು ಮಂದಿಗೆ ಅಕ್ಕಿ ಎಷ್ಟು, ಉದ್ದು ಎಷ್ಟು, ಯಾರು ಎಷ್ಟು ಹೊತ್ತಿಗೆ ನೆನೆಹಾಕಬೇಕು ಎಂದು ಲೆಕ್ಕ ಬರೆಯತೊಡಗಿದರು. ಜಾಗವೇ ಗೊತ್ತಾಗಿಲ್ಲ, ಉದ್ದು ಮಾತ್ರ ನೆನೆಯಲು ಸಿದ್ಧವಾಗಿತ್ತು.

ಮತದಾನದಲ್ಲಿ ಅಲಿಬಾಗ್ ಗೆದ್ದಿತು. ಗೆಲ್ಲಲು ಕಾರಣವೂ ಇತ್ತು. ಭಾವುಚಾ ಧಕ್ಕಾದಿಂದ ಮಾಂಡವಾಕ್ಕೆ 2020ರಿಂದ ಕಾರು ಸಮೇತ ಕೊಂಡೊಯ್ಯುವ ರೋ-ರೋ ಹಡಗಿದೆ. ಅಲಿಬಾಗಿನ ಎದುರಿಗೇ ಕೊಲಾಬಾ ಕೋಟೆ, ನೀರಿಳಿದಾಗ ನಡೆದೇ ಹೋಗಬಹುದು. ಬರುವಾಗ ಜಡೆ ಹೆಣೆದ ಬಿಳಿ ಈರುಳ್ಳಿ ತರಬಹುದು. ನವಿ ಮುಂಬೈಯವರು ಪನ್ವೇಲ್, ಪೇಣ್, ವಡಖಳ ಮೇಲೆ ರಸ್ತೆಯಲ್ಲೇ ಬರಬಹುದು. ಎಲ್ಲ ಸೈ ಎನ್ನುವಾಗ ತ್ರಾಸಿಯ ಚಿಕ್ಕಮ್ಮನ ಧ್ವನಿ ಸಂದೇಶ ಬಂತು, ಹಿನ್ನೆಲೆಯಲ್ಲಿ ಕಡಲ ಮೊರೆತ ಸಮೇತ: "ನಮ್ಗ್ ಕಡ್ಲ್ ತೋರ್ಸುಕೆ ಅಲಿಬಾಗಿಗ್ ಕರ್ಕಂಡ್ ಹೋತ್ರಿಯಾ? ಇಲ್ಲಿ ಅದ್ ರಾತ್ರಿ ನಿದ್ರಿ ಮಾಡುಕೆ ಬಿಡುದಿಲ್ಲ."

ಗುಂಪು ಅರ್ಧ ದಿನ ಮೌನವಾಯಿತು. ನಮ್ಮ ಗುಂಪಿನಲ್ಲಿ ಅದು ದೀರ್ಘ ಮೌನ.

ಮೌನ ಮುರಿದದ್ದು ದೊಡ್ಡ ಭಾವ. ಅವರು ನಕ್ಷೆ ನೋಡುವ ಜನ, ಮನೆಯಿಂದ ತರಕಾರಿ ಅಂಗಡಿಗೂ ದಾರಿ ಹುಡುಕಿಯೇ ಹೊರಡುವವರು. ಪನ್ವೇಲಿನ ಪಳಸ್ಪೆಯಲ್ಲಿ ಹೊರಡುವ ರಾಷ್ಟ್ರೀಯ ಹೆದ್ದಾರಿ 66, ಹಳಬರು 17 ಎನ್ನುವುದು, ಕನ್ಯಾಕುಮಾರಿಯವರೆಗೆ ಹೋಗುತ್ತದೆ. ಮರವಂತೆಯಲ್ಲಿ ಹೊಳೆ-ಕಡಲಿನ ನಡುವೆ ಸೀಳಿಕೊಂಡು ಹೋಗುವ ರಸ್ತೆಯೂ ಅದೇ. "ವಡಖಳ ನಾಕಾದಲ್ಲಿ ಬಲಕ್ಕೆ ತಿರುಗಿದರೆ ಅಲಿಬಾಗ್. ತಿರುಗದೆ ನೇರ ಹೋದರೆ ನಮ್ಮದೇ ಅಂಗಳ. ತಿರುಗುವುದು ಯಾಕೆ?" ಎಂದು ಬರೆದರು. ಇಷ್ಟು ವರ್ಷ ಪನ್ವೇಲ್ ಬಸ್‌ಸ್ಟ್ಯಾಂಡಿನಲ್ಲಿ ಧೂಳು ತಿನ್ನುತ್ತ ನಿಂತಿದ್ದ ನಮಗೆ ಯಾರಿಗೂ ನಾವು ಊರ ರಸ್ತೆಯ ತುದಿಯಲ್ಲೇ ನಿಂತಿದ್ದೇವೆ ಎಂದು ಹೊಳೆದಿರಲಿಲ್ಲ.

ನೇರ ಹೋಗುವುದು ಹೇಳಿದಷ್ಟು ಸುಲಭವಲ್ಲ ಎನ್ನುವುದು ಬೇರೆ ಮಾತು. ಮಹಾರಾಷ್ಟ್ರದ ಭಾಗದಲ್ಲಿ ಆ ಹೆದ್ದಾರಿಯ ಅಗಲೀಕರಣ 2011ರಲ್ಲಿ ಶುರುವಾದದ್ದು. ಆಗ ಅಂಬೆಗಾಲಿಡುತ್ತಿದ್ದ ನಮ್ಮ ಮಕ್ಕಳು ಈಗ ಕಾಲೇಜಿನ ಬಾಗಿಲಲ್ಲಿ ನಿಂತಿದ್ದಾರೆ, ಗಣೇಶ ಚತುರ್ಥಿಗೆ ಊರಿಗೆ ಹೋಗುವ ಕೊಂಕಣಿಗರು ಈಗಲೂ ಆ ಹೊಂಡಗಳನ್ನು ಶಪಿಸುತ್ತಲೇ ಹೋಗುತ್ತಾರೆ. ಆದ್ದರಿಂದ ರೈಲು.

ರೈಲೆಂದರೆ ದೊಡ್ಡಮ್ಮನಿಗೆ ಭಕ್ತಿ. ಕೊಂಕಣ ರೈಲ್ವೆ ಪೂರ್ತಿ ತೆರೆದುಕೊಂಡದ್ದು 1998ರ ಜನವರಿ 26ರಂದು. ಅದಕ್ಕೂ ಮೊದಲು ಊರಿಗೆಂದರೆ ಪುಣೆ, ಕೊಲ್ಲಾಪುರ, ಬೆಳಗಾವಿ, ಹುಬ್ಬಳ್ಳಿ ಸುತ್ತಿ ಘಟ್ಟ ಇಳಿಯುವ ಬಸ್ಸು. ಪ್ಲಾಸ್ಟಿಕ್ ಚೀಲ, ನಿಂಬೆಹಣ್ಣು, ಕಿಟಕಿ ಪಕ್ಕದ ಸೀಟಿಗಾಗಿ ಜಗಳ. ಈಗ ಮಧ್ಯಾಹ್ನ ಮತ್ಸ್ಯಗಂಧ ಹತ್ತಿದರೆ ಬೆಳಗಿನ ಜಾವಕ್ಕೆ ಕುಂದಾಪುರ. ಕೊಂಕಣ ರೈಲ್ವೆಯ ಕೇಂದ್ರ ಕಚೇರಿ ಇರುವುದು ಬೇಲಾಪುರದಲ್ಲಿ. ಅದರ ಹತ್ತಿರವೇ ನಮ್ಮ ಅಳಿಯನೊಬ್ಬನ ಬಿಡಾರ. ಅವನು ಬ್ಯಾಂಕಿನವನು, ರೈಲಿಗೂ ಅವನಿಗೂ ಇರುವ ಸಂಬಂಧ ಆ ಕಟ್ಟಡದ ಎದುರು ಚಹಾ ಕುಡಿಯುವುದಷ್ಟೇ. ಆದರೂ ಟಿಕೇಟು 'ಕನ್ಫರ್ಮ್' ಮಾಡಿಸುವ ಹೊಣೆ ಅವನಿಗೇ ಬಿತ್ತು. "ನಿಂಗೆ ಹತ್ರ ಅಲ್ದಾ?" ಎಂಬ ದೊಡ್ಡಮ್ಮನ ಮಾತಿಗೆ ಅವನಲ್ಲಿ ಉತ್ತರವಿರಲಿಲ್ಲ.

ಡೊಂಬಿವಲಿಯವರ ಗೋಳು ಮಾತ್ರ ಯಾವ ಅಳಿಯನಿಂದಲೂ ಪರಿಹಾರವಾಗುವಂಥದ್ದಲ್ಲ. ಕೊಂಕಣದ ರೈಲು ನಮ್ಮ ಪಕ್ಕದ ದಿವಾ ಜಂಕ್ಷನ್ನಿನಲ್ಲೇ ಪನ್ವೇಲಿನ ಕಡೆ ತಿರುಗುತ್ತದೆ, ನಿಳಜೆಯಲ್ಲಿ ನನ್ನ ತಂಗಿಯ ಬಾಲ್ಕನಿಯ ಕೆಳಗೇ ಹಾದುಹೋಗುತ್ತದೆ, ನಮಗಾಗಿ ನಿಲ್ಲುವುದಿಲ್ಲ. ನಾವು ಚೀಲ, ಮಕ್ಕಳು, ಉಪ್ಪಿನಕಾಯಿ ಭರಣಿ ಹೊತ್ತು ಲೋಕಲಿನಲ್ಲಿ ಉಲ್ಟಾ ಠಾಣೆಗೆ ಹೋಗಬೇಕು. ಅಲ್ಲಿ ರೈಲು ಹತ್ತಿ, ಸೀಟು ಹುಡುಕಿ, ಬೆವರು ಒರೆಸಿಕೊಂಡು ಕಿಟಕಿಯಾಚೆ ನೋಡಿದರೆ ಬಿಟ್ಟು ಬಂದ ದಿವಾ. ತಂಗಿಯ ಗಂಡ ಈ ಸಲ ಬಂಡೆದ್ದಿದ್ದಾನೆ. ತಾನು ಆಟೋ ಹಿಡಿದು ಪನ್ವೇಲಿನಲ್ಲಿ ಹತ್ತುವವನು, ಬೇಕಾದರೆ ನೀವು ಹಾದುಹೋಗುವಾಗ ಬಾಲ್ಕನಿಯಲ್ಲಿ ನಿಂತು ಕೈ ಬೀಸಿ ಆಮೇಲೆ ಹೊರಡುತ್ತೇನೆ ಎನ್ನುತ್ತಾನೆ. ಅವನು ರೈಲಿಗಿಂತ ಮೊದಲು ಪನ್ವೇಲ್ ಮುಟ್ಟುತ್ತಾನೋ ಇಲ್ಲವೋ ಎಂದು ಹುಡುಗರು ಪಂಥ ಕಟ್ಟಿದ್ದಾರೆ.

ಉಳಿದದ್ದು ದಿನ. ಇದಕ್ಕಿಂತ ಅಲಿಬಾಗ್ ಪ್ರಕರಣ ಸುಲಭವಿತ್ತು. ಮುಂಗಡ ಬುಕಿಂಗ್ 2024ರ ನವೆಂಬರಿನಿಂದ 60 ದಿನಕ್ಕೆ ಇಳಿದಿದೆ, ಮೊದಲು 120 ಇತ್ತು. ಅಂದರೆ ಜಗಳವಾಡಲು ಹೆಚ್ಚು ಸಮಯ, ಟಿಕೇಟು ಹಿಡಿಯಲು ಒಂದೇ ಬೆಳಿಗ್ಗೆ. ಜೂನ್-ಜುಲೈ ಬೇಡ, ಯಾಂತ್ರಿಕ ದೋಣಿಗಳಿಗೆ ನಿಷೇಧ, ಮೀನಿಲ್ಲ. ಮಾವನ ಪ್ರಕಾರ ಮೀನಿಲ್ಲದ ಕಡಲು ಬರೀ ಉಪ್ಪುನೀರು. ಮೇ ತಿಂಗಳು ಬೇಡ, ಸೆಕೆ. ಅಕ್ಟೋಬರಿನಲ್ಲಿ ಮಕ್ಕಳ ಪರೀಕ್ಷೆ. ಸೋಮವಾರ ಒಬ್ಬರಿಗೆ ಮಾಂಸ ಆಗದು, ಶನಿವಾರ ಇನ್ನೊಬ್ಬರಿಗೆ, ಸಂಕಷ್ಟಿ ಮೂರು ಮನೆಗೆ.

ಇಲ್ಲಿ ದಾರಿ ತೋರಿಸಿದ್ದು ದೊಡ್ಡಮ್ಮನ ಸೊಸೆ. ಅವಳು ಮಾಲವಣದವಳು, ಮದುವೆಯಾಗಿ ಬಂದಾಗ ಅತ್ತೆ-ಸೊಸೆಗೆ ಸಮಾನ ಭಾಷೆಯೆಂದರೆ ಮೀನು ಒಂದೇ. ಅವಳ ಅಜ್ಜನ ಕಾಲದ ಲೆಕ್ಕವೊಂದಿದೆ: ಅಂದಿನ ತಿಥಿಯನ್ನು ಮುಕ್ಕಾಲರಿಂದ ಗುಣಿಸಿದರೆ ಉಬ್ಬರದ ಗಂಟೆ. ಅಷ್ಟಮಿಗೆ ಆರು. ದಶಮಿಗೆ ಏಳೂವರೆ. ಹುಣ್ಣಿಮೆಗೆ ಹನ್ನೊಂದೂ ಕಾಲು. ಅದಕ್ಕೆ ಆರು ಗಂಟೆ ಸೇರಿಸಿದರೆ ಇಳಿತ. ಪಂಚಾಂಗ ಗೊತ್ತಿದ್ದರೆ ಕೈಬೆರಳಲ್ಲೇ ಕಡಲು. ಹುಣ್ಣಿಮೆಯ ಆಸುಪಾಸು ಹೋದರೆ ಸಂಜೆ ಐದರ ಹೊತ್ತಿಗೆ ನೀರು ಇಳಿದಿರುತ್ತದೆ, ಮಕ್ಕಳಿಗೆ ಆಡಲು ಗಟ್ಟಿ ಮರಳು ಸಿಗುತ್ತದೆ ಎಂದಳು. ನಮ್ಮೂರಲ್ಲಿ ನೀರು ಮುಂಬೈಯಷ್ಟು ದೂರ ಸರಿಯುವುದಿಲ್ಲ, ಅಲೆಯ ಸೆಳೆತವೂ ಜೋರು, ಮೊಣಕಾಲು ದಾಟಿ ಇಳಿಯುವಂತಿಲ್ಲ ಎಂದು ಚಿಕ್ಕಮ್ಮ ಅಲ್ಲಿಂದಲೇ ತಿದ್ದುಪಡಿ ಸೂಚಿಸಿದರು. ಆದರೆ ಲೆಕ್ಕ ಕೇಳಿದ ದೊಡ್ಡಮ್ಮನ ಮುಖ ನೋಡಬೇಕಿತ್ತು. ಬತ್ತಿಯ ತಟ್ಟೆ ಬದಿಗಿಟ್ಟು, ಏಕಾದಶಿಗೆ ಎಷ್ಟು, ಚೌತಿಗೆ ಎಷ್ಟು ಎಂದು ಸೊಸೆಯನ್ನು ಮಗ್ಗಿ ಕೇಳುವ ಮಾಸ್ತರರಂತೆ ಕೇಳಿದರು. ಎಲ್ಲಕ್ಕೂ ಉತ್ತರ ಬಂದ ಮೇಲೆ, "ಹುಣ್ಣಿಮೆ ಅಂದ್ರೆ ಕೋಟೇಶ್ವರದ ಕೊಡಿ ಹಬ್ಬವೇ ಆಗಲಿ" ಎಂದುಬಿಟ್ಟರು.

ವೃಶ್ಚಿಕದ ಹುಣ್ಣಿಮೆಗೆ ಕೋಟಿಲಿಂಗೇಶ್ವರನ ತೇರು. ಮದುವೆಯಾದ ಹೊಸ ಜೋಡಿ ಕಬ್ಬಿನ ಕೊಡಿ ಕೊಂಡು ಮನೆಗೆ ತರುವುದು ವಾಡಿಕೆ. ಹೋದ ವರ್ಷ ಮದುವೆಯಾದ ನೆರೂಳಿನ ಜೋಡಿ ಇದೆ, ಅವರ ಕೈಗೆ ಕಬ್ಬು ಹಿಡಿಸಿದ ಹಾಗೂ ಆಯಿತು ಎಂದು ದೊಡ್ಡಮ್ಮನ ಯೋಜನೆ. 'ಬೀಚ್' ಎಂದು ಹೊರಟದ್ದು ತೇರು, ಕಬ್ಬು, ಮೂಲಮನೆ, ನಲವತ್ತು ಮಂದಿಗೆ ಇಡ್ಲಿ ಎಂದು ಬೆಳೆದುಬಿಟ್ಟಿತು. ಕಡಲು ಇದರಲ್ಲಿ ಸಂಜೆ ಐದಕ್ಕೆ ಒಂದು ಗಂಟೆ ಬಂದು ಹೋಗುವ ಅತಿಥಿ.

ಮಲಗುವ ವ್ಯವಸ್ಥೆ ಬಗ್ಗೆ ಬರೆಯದಿರುವುದು ಒಳ್ಳೆಯದು. ಗೊರಕೆಯವರ ಪಟ್ಟಿ ಮಾಡಹೊರಟ ಹುಡುಗನಿಗೆ ಅವನಪ್ಪನ ಹೆಸರೇ ಮೊದಲು ಬರೆಯಬೇಕಾಗಿ ಬಂದು ಕೆಲಸ ಅರ್ಧಕ್ಕೆ ನಿಂತಿದೆ. ಗಂಗೊಳ್ಳಿ ಬಂದರಿಗೆ ಬೆಳಗಿನ ಜಾವ ಹೋಗಿ ಮೀನು ತರುವ ಹೊಣೆ ಮಾವ ತಾವೇ ವಹಿಸಿಕೊಂಡಿದ್ದಾರೆ, ಜೊತೆಗೆ ಮಾಲವಣದ ಸೊಸೆಯೇ ಬರಬೇಕಂತೆ, ಉಳಿದವರಿಗೆ ಕಿವಿರು ಎತ್ತಿ ನೋಡಲು ಬರುವುದಿಲ್ಲವಂತೆ.

ಎಲ್ಲ ಒಂದು ಹಂತಕ್ಕೆ ಬಂತು ಎನ್ನುವಾಗ ನಿನ್ನೆ ರಾತ್ರಿ ಖಾರ್ಘರಿನ ಹುಡುಗಿ ಗುಂಪಿನಲ್ಲಿ ಕೇಳಿದ್ದಾಳೆ: ಅಲ್ಲಿ ಸ್ವಿಮ್ಮಿಂಗ್ ಪೂಲ್ ಇದೆಯೇ?

ಚಿಕ್ಕಮ್ಮನ ಉತ್ತರ ಬೆಳಿಗ್ಗೆ ಐದೂವರೆಗೇ ಬಂದಿತ್ತು. "ಕೆರಿ ಇತ್ತ್. ಪಾಚಿ ಕಟ್ಟಿತ್ತ್. ತೆಗ್ಸಿ ಇಡ್ತೆ."