ಮಂಡಿ ಊರಾಕ ತಯಾರದೀನ್ರಿ!

ತಾರಿಹಾಳ ಕೈಗಾರಿಕಾ ಪ್ರದೇಶದ ಒಂದು ಫೌಂಡ್ರಿ. ಭಟ್ಟಿಗೆ ಬೀಳುವ ಸರದಿ ಕಾಯುತ್ತಿದ್ದ ಮೋಡ್ಕಾ ಕಬ್ಬಿಣ ಮಾತಿಗೆ ಸಿಕ್ಕಿತು.

ಮುಂದಿನ ಜನ್ಮದಲ್ಲಿ ಏನಾಗುವ ಆಸೆ?

ಪಂಪಿನ ಬಾಡಿ ಆಗಿ ಸಾಕಾಗೇತ್ರಿ. ಈ ಸಲ ದ್ರೋಹಿ ಮಂತ್ರಿ ಮೂರ್ತಿ ಆಗ್ಬೇಕು.

ಅದೆಂಥ ಆಸೆ ಮಾರಾಯರೇ!

ಚೀನಾದ ಹಾಂಗ್‌ಝೌದಾಗ ನಮ್ಮ ಬಳಗ ಐತ್ರಿ. 1142ರಾಗ ಯೂ ಫೇ ಅನ್ನೋ ಸೇನಾಪತಿನ್ನ ಕೊಲ್ಲಿಸಿದ ಮಂತ್ರಿ ಚಿನ್ ಹುಯಿ, ಅವನ ಹೇಣ್ತಿ, ಇನ್ನಿಬ್ರು ಜೋಡಿದಾರರು, ಎಲ್ಲಾರೂ ಕಬ್ಬಿಣದಾಗ ಯೂ ಫೇ ಸಮಾಧಿ ಮುಂದ ಮಂಡಿ ಊರ್ಯಾರ. ಹಿಂದ ಮಂದಿ ಉಗುಳ್ತಿದ್ರು, ಬಡೀತಿದ್ರು. ಮುರಿದ್ರ ಹೊಸಾದು ಎರಕ ಹೊಯ್ತಿದ್ರು. ಖಾಯಂ ಆರ್ಡರ್ ಅಂದ್ರ ಇದು! ಇಂಥವ್ರಿಗೆ ಚೀನಾ, ಜಪಾನ್, ಕೊರಿಯಾ ಮೂರೂ ಕಡೆ ಒಂದ ಬಿರುದು, ‘ದ್ರೋಹಿ ಮಂತ್ರಿ’ ಅಂತ. 11ನೇ ಶತಮಾನದಾಗ ಬರೆದ ತಾಂಗ್ ಮನೆತನದ ಇತಿಹಾಸದಾಗ ಇವರಿಗಂತನ ಬ್ಯಾರೆ ಅಧ್ಯಾಯ ಐತಿ.

ನಮ್ಮಲ್ಲೂ ಮೀರ್ ಸಾದಿಕ್, ಕಿತ್ತೂರಿನ ಮಲ್ಲಪ್ಪಶೆಟ್ಟಿ ಇದ್ದಾರಲ್ಲ?

ಹೆಸರು ಅದಾವು, ಮೂರ್ತಿ ಎಲ್ಲೈತ್ರಿ? ಹುಬ್ಬಳ್ಳಿ ಸರ್ಕಲ್‌ನಾಗ ಚೆನ್ನಮ್ಮ ಕುದುರಿ ಮ್ಯಾಲ ಅದಾಳ. ಮದ್ದಿನಾಗ ಸಗಣಿ ಕಲಿಸಿದ ಅಂತ ನಾಟಕದಾಗ ಬೈಸಿಕೊಳ್ಳೋ ಶೆಟ್ಟಿ ಮಾರಿ ಯಾರಿಗೂ ಗೊತ್ತಿಲ್ಲ. ನಾಳೆ ಯಾವುದರ ವೇದಿಕೆ ಮ್ಯಾಲ ಬಂದು ಕುಂತ್ರೂ ಹಾರ ಹಾಕಿ ಶಾಲು ಹೊದಿಸ್ತೀರಿ.

ಕಿತ್ತೂರು ಸೋತದ್ದು ಆ ಸಗಣಿಯಿಂದಲೇ ತಾನೆ?

1824ರ ಅಕ್ಟೋಬರ್ 23ಕ್ಕ ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಕಾಳಗದಾಗ ಸತ್ತ. ಕಂಪನಿ ಸುಮ್ಮನ ಕುಂದರತೈತೇನ್ರಿ? ಡಿಸೆಂಬರಿಗೆ ದೊಡ್ಡ ದಂಡು, ತೋಪು ತಗೊಂಡು ಬಂತು. ದತ್ತು ಮಗನ್ನ ಒಪ್ಪಂಗಿಲ್ಲ ಅಂತ ಜಗಳ ತಗದವ್ರೂ ಅವರ. ಎಲ್ಲಾ ಶೆಟ್ಟಿ ತಲಿಗೆ ಕಟ್ಟಿದ್ರ ಸಾಹೇಬ್ರು ಕೈ ತೊಳಕೊಂಡು ಹೊಂಟ್ರಲ್ಲ!

ದ್ರೋಹಿಗಳ ಪರ ವಕಾಲತ್ತೇ?

ಬಿಡ್ತು ಅನ್ರಿ. ಹಾಂಗ್‌ಝೌದಾಗ ಒಂದು ಮೂರ್ತಿ ಕಮ್ಮಿ ಬಿದ್ದೈತಿ, ಅಷ್ಟ ನನ್ನ ತಕರಾರು.

ಯಾರದು?

ಚಕ್ರವರ್ತಿದು. ಸೇನಾಪತಿ ಸಾಯೋದು ಅವಂಗೂ ಬೇಕಾಗಿತ್ತು ಅಂತಾರ ಭಾಳ ಇತಿಹಾಸಕಾರರು. ಅಚ್ಚು ಹೆಂಗೋ ಎರಕ ಹಂಗ್ರಿ. ಹೊಗಳಿಕಿ ಬೇಡೋ ದೊರಿ ಕಿವಿ ಅಚ್ಚು, ಮಂತ್ರಿ ಅದರಾಗಿನ ಎರಕ. ನೀವು ಎರಕಕ್ಕ ಉಗುಳಿ ಅಚ್ಚಿಗೆ ಕೈ ಮುಗೀತೀರಿ.

ಕಡೆಯ ಪ್ರಶ್ನೆ. ನಿಮ್ಮ ಮೂರ್ತಿಯ ಕೆಳಗೆ ಯಾರ ಹೆಸರು ಹಾಕಿಸೋಣ?

ಜಾಗ ಖಾಲಿ ಬಿಡ್ರಿ, ಹಲಗಿಗೆ ನಾಲ್ಕು ಸ್ಕ್ರೂ ಹಚ್ರಿ ಸಾಕು. ಸರ್ಕಾರ ಬದಲಾದಾಗೊಮ್ಮೆ ಹೊಸ ಎರಕ ಅಂದ್ರ ಖರ್ಚು ಭಾಳಾಗತೈತಿ.